ದಿವಾನರ ಮೂಗು, ನೋಟಿನ ಮೂಲೆ

ಒಂದು ಪುಟ್ಟ ಸಂಸ್ಥಾನ. ಅಲ್ಲಿ ಹೊಸ ಒಂದು ರೂಪಾಯಿ ನೋಟು ಬರುವುದಿತ್ತು. ಅಚ್ಚುಮನೆಯ ಗುಮಾಸ್ತ ಆರು ತಿಂಗಳು ಕೂತು, ಕೆರೆಯ ನೀರಲ್ಲಿ ಹಾಯಾಗಿ ಮಲಗಿದ ಎಮ್ಮೆಯ ಚಿತ್ರ ಕೆತ್ತಿದ್ದ. ಅದನ್ನು ನೋಡಿ ದಿವಾನರು ಕೆಂಡಾಮಂಡಲವಾದರು.

“ಎಮ್ಮೆ ತೆಗಿ, ನನ್ನ ಮುಖ ಹಾಕು. ಒಂದು ತಿಂಗಳೊಳಗೆ ಆಗದಿದ್ದರೆ ಕೆಲಸ ಬಿಟ್ಟು ಮನೆಗೆ ನಡಿ.”

ಹೇಳಿದ ದಿನಕ್ಕೆ ಗುಮಾಸ್ತ ದಿವಾನರ ಮುಖವಿದ್ದ ನೂರು ನೋಟು ತಂದಿಟ್ಟ. ಮೀಸೆಯ ಒಂದೊಂದು ಕೂದಲೂ ಎದ್ದು ಕಾಣುತ್ತಿತ್ತು. ಮುಖವನ್ನು ಮಾತ್ರ ನೋಟಿನ ಬಲಮೂಲೆಗೆ ಕೂರಿಸಿದ್ದ. ದಿವಾನರು ಹಿರಿಹಿರಿ ಹಿಗ್ಗಿದರು.

“ನೂರಿವೆಯೋ ಇಲ್ಲವೋ, ಖಜಾಂಚಿಯವರು ಒಮ್ಮೆ ಎಣಿಸಿಬಿಡಲಿ ಸ್ವಾಮಿ,” ಅಂದ ಗುಮಾಸ್ತ.

ಖಜಾಂಚಿ ವೆಂಕಟಪತಯ್ಯನವರದು ಸದಾ ಎಲೆಅಡಿಕೆ ಜಗಿಯುವ ಬಾಯಿ. ಹೆಬ್ಬೆರಳನ್ನು ನಾಲಗೆಗೆ ಒತ್ತಿದರು, ದಿವಾನರ ಮೂಗಿಗೆ ಒತ್ತಿದರು. ಒಂದು. ಮತ್ತೆ ನಾಲಗೆ, ಮತ್ತೆ ಮೂಗು. ಎರಡು. ಇಪ್ಪತ್ತಕ್ಕೆ ಬರುವಷ್ಟರಲ್ಲಿ ದಿವಾನರು ತಮಗರಿವಿಲ್ಲದೆ ಉತ್ತರೀಯದಿಂದ ತಮ್ಮ ಮೂಗು ಒರೆಸಿಕೊಳ್ಳುತ್ತಿದ್ದರು.

“ಸಾಕು ನಿಲ್ಲಿಸಿ. ಎಲ್ಲರೂ ಹೀಗೇ ಎಣಿಸುತ್ತಾರೇನಯ್ಯ?”

“ಖಜಾಂಚಿಯವರದು ನಾಜೂಕಿನ ಕೈ ಸ್ವಾಮಿ. ಸಂತೆಯಲ್ಲಿ ಎಣಿಸುವುದನ್ನು ತಾವು ನೋಡಿಲ್ಲ.”

ದಿವಾನರು ದನಿ ತಗ್ಗಿಸಿ, “ನಮ್ಮ ಮಾವನವರ ಮುಖ ಹಾಕಿದರೆ ಹೇಗೆ?” ಎಂದರು.

“ಆಗಬಹುದು. ಮನೆಯಲ್ಲಿ ಅಮ್ಮಾವರನ್ನು ಒಂದು ಮಾತು ಕೇಳಿಕೊಂಡು ಬರಲೇ?”

ದಿವಾನರು ಮೂಗನ್ನು ಇನ್ನೊಮ್ಮೆ ಒರೆಸಿಕೊಂಡರು.

“ಬೇಡ ಮಾರಾಯ. ಎಮ್ಮೆಯೇ ಇರಲಿ. ಅದಕ್ಕೆ ಒದ್ದೆಯಾಗಿ ಅಭ್ಯಾಸವಿದೆ.”