ಬೆಳ್ಳಜ್ಜಿ ಮೂರು ಸಲ ಕಟ್ಟಿದ ಸೀತಾಳೆ

ಬಹಳ ಹಿಂದೆ, ನಮ್ಮಜ್ಜನ ಅಜ್ಜನಿಗೂ ಸರಿಯಾಗಿ ನೆನಪಿಲ್ಲದ ಕಾಲದಲ್ಲಿ, ಕಾಡಂಚಿನ ಒಂದೂರಲ್ಲಿ ಬೆಳ್ಳಜ್ಜಿ ಅಂತ ಒಬ್ಬಳಿದ್ದಳಂತೆ. ಮುರಿದ ಮೂಳೆ ಕಟ್ಟುವುದು ಅವಳ ಕಸುಬು. ಗಾಳಿಗೆ ಬಿದ್ದ ಕೊಂಬೆಯಲ್ಲಿ, ಮರದ ತೊಗಟೆಗೇ ಬೇರು ಅಂಟಿಸಿಕೊಂಡು ಬೆಳೆಯುವ ಸೀತಾಳೆ ಗಿಡ ಸಿಕ್ಕರೆ ಅದನ್ನೂ ತಂದು, ಹಳೇ ಸೀರೆಯ ಪಟ್ಟಿಯಿಂದ ಬೇರೆ ಮರಕ್ಕೆ ಕಟ್ಟುತ್ತಿದ್ದಳಂತೆ. ಮಳೆ ಹಿಡಿಯುವ ಹೊತ್ತಿಗೆ ಅವಳ ಅಂಗಳದ ಮರಗಳೆಲ್ಲ ಹೂವಿನ ಜಡೆ ಇಳಿಬಿಟ್ಟು ನಿಲ್ಲುತ್ತಿದ್ದವಂತೆ. ಕಟ್ಟಿದ ಗಿಡವನ್ನು ಯಾರಾದರೂ ಮುಟ್ಟಿದರೋ, ಅವರ ಮೂರು ತಲೆಮಾರು ಜಾಲಾಡಿಬಿಡುತ್ತಿದ್ದಳು. ಒಮ್ಮೆ ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದರೆ ಬೇರು ನೊಂದುಕೊಳ್ಳುತ್ತದೆ, ಹೂ ಬಿಡುವುದಿಲ್ಲ ಅನ್ನುವುದು ಅವಳ ಮಾತು.

ಪಕ್ಕದ ಮನೆಯ ನೀಲು, ಹದಿನಾರರ ಹುಡುಗಿ, ಹಲಸಿನ ಮರದಿಂದ ಬಿದ್ದು ಕಾಲು ಮುರಿದುಕೊಂಡಳು. ಅಜ್ಜಿ ಕಟ್ಟಿದಳು, ಮೂಳೆ ಕೂಡಿತು. ಆದರೆ ಮತ್ತೆ ಮುರಿದೀತೆಂಬ ಹೆದರಿಕೆಗೆ ಹುಡುಗಿ ಕಾಲೂರಲೇ ಇಲ್ಲವಂತೆ. ಬೈದರು, ಬೇಡಿಕೊಂಡರು, ಹರಕೆ ಹೊತ್ತರು. ಪಾಪ, ಜಗಲಿ ಬಿಟ್ಟು ಕದಲಲಿಲ್ಲ.

ಅಜ್ಜಿ ಒಂದು ಸೀತಾಳೆ ತಂದು ನೀಲುವಿನ ಅಂಗಳದ ಮರಕ್ಕೆ ಕಟ್ಟಿದಳು.

"ಇದು ನಿಂದು ಕಣೆ. ಬೇರು ಬೆಳ್ಳಗಾದ್ರೆ ಮಾತ್ರ ನೀರು ಹಾಕು. ಹಸ್ರಿದ್ರೆ ಬ್ಯಾಡ, ಕೊಳೀತದೆ."

ಬೇರಿನ ಬಣ್ಣ ಜಗಲಿಯಿಂದ ಎಲ್ಲಿ ಕಾಣಬೇಕು! ಎಂಟು ದಿನ ನೀಲು ಸುಮ್ಮನಿದ್ದಳು. ಒಂಬತ್ತನೆಯ ದಿನ ಎಲೆ ಬಾಡಿದ್ದು ಕಂಡು ತಡೆಯಲಾರದೆ ಗೋಡೆ ಹಿಡಿದು ಎದ್ದು ಮರದ ತನಕ ಹೋದಳಂತೆ.

ಆಮೇಲೆ ಅಜ್ಜಿ ಯಾರೂ ನಂಬದ ಕೆಲಸ ಮಾಡಿದಳು. ಅದೇ ಗಿಡ ಬಿಚ್ಚಿ ಬೇಲಿಯಾಚೆಯ ಮರಕ್ಕೆ ಕಟ್ಟಿದಳು. ನೀಲು ಅಲ್ಲಿಗೂ ಹೋದಳು. ಮತ್ತೆ ಬಿಚ್ಚಿ ಹಳ್ಳದ ದಾರಿಯ ಮತ್ತಿಮರಕ್ಕೆ ಕಟ್ಟಿದಳು. ಮುದುಕಿಗೆ ಅರಳುಮರಳು ಅಂದರು ಜನ. ಅಜ್ಜಿ ಪ್ರತಿ ಸಲ ಬಿಚ್ಚುವಾಗಲೂ ಬೇರಿಗೆ ಕೈಮುಗಿದು, ತಪ್ಪಾಯ್ತು ಎಂದು ಕಣ್ಣೀರು ಹಾಕುತ್ತಿದ್ದಳಂತೆ.

ನೀಲು ಹಳ್ಳದವರೆಗೂ ನಡೆದಳು. ಗಿಡ ಆ ವರ್ಷ ಹೂ ಬಿಡಲಿಲ್ಲ. ಮರುವರ್ಷವೂ ಇಲ್ಲ. ಮೂರನೆಯ ವರ್ಷ ಮೊಳದುದ್ದದ ಜಡೆ ಇಳಿಬಿಟ್ಟಿತಂತೆ. ಅಷ್ಟು ಹೊತ್ತಿಗೆ ಅಜ್ಜಿಯ ಕಾಲು ಸೋತುಹೋಗಿತ್ತು, ಹಾಸಿಗೆ ಹಿಡಿದಿದ್ದಳು. ಹೂ ತೋರಿಸಲು ನೀಲು ಅವಳನ್ನು ಬೆನ್ನಿಗೆ ಹಾಕಿಕೊಂಡು ಹೊರಟೇಬಿಟ್ಟಳಂತೆ. ನಿನ್ನ ಕಾಲು ಮುರಿದೀತು ಮಾರಾಯ್ತಿ, ಇಳಿಸು ಎಂದು ಅಜ್ಜಿ ದಾರಿಯುದ್ದಕ್ಕೂ ಬೈದಳಂತೆ. ಹುಡುಗಿ ಮರದ ಬುಡ ಮುಟ್ಟುವ ತನಕ ಇಳಿಸಲಿಲ್ಲ.

ಆ ಊರಲ್ಲಿ ಈಗಲೂ ಮೊದಲ ಸೀತಾಳೆ ಅರಳಿದ ದಿನ ಯಾರೂ ಹೂ ಕೊಯ್ಯುವುದಿಲ್ಲ. ನಡೆಯಲಾರದ ಮುದುಕ ಮುದುಕಿಯರನ್ನು ಮನೆಮಕ್ಕಳು ಬೆನ್ನ ಮೇಲೆ ಹೊತ್ತು ಮತ್ತಿಮರದ ಹತ್ತಿರ ಕರೆದೊಯ್ಯುತ್ತಾರೆ. ಮರ ಬರುವ ತನಕ ಆ ಮುದುಕರು, ಇಳಿಸು ಇಳಿಸು ಎಂದು ಹೊತ್ತವರನ್ನು ಬೈಯುತ್ತಲೇ ಇರಬೇಕು. ಅದು ಪದ್ಧತಿ.