ಮತ್ತೆ ಸೈನ್ ಇನ್ ಮಾಡಿ

ಮಲಪ್ರಭೆಯ ದಡದ ಒಂದು ಆಶ್ರಮದಲ್ಲಿ ಮೃತ್ಯುಂಜಯಪ್ಪ ಎಂಬ ಗುರುಗಳಿದ್ದರು. ಐವತ್ತು ವರ್ಷ ಗಿಡಮೂಲಿಕೆಯ ಮದ್ದು ಕೊಟ್ಟವರು. ಕಣ್ಣು ಮಂಜಾದ ಮೇಲೆ ತಮಗೆ ತಿಳಿದದ್ದನ್ನೆಲ್ಲ ಬರೆಸತೊಡಗಿದರು.

ಬರೆದುಕೊಳ್ಳುತ್ತಿದ್ದವನು ಶಿಷ್ಯ ಇಂದುಧರ. ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದು, ನಲವತ್ತರ ವಯಸ್ಸಿನಲ್ಲಿ ಆಶ್ರಮ ಸೇರಿದವನು.

ಗುರುಗಳು ಹೇಳುವರು. ಅವನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಕ್ಲೌಡ್‌ನಲ್ಲಿ ಸೇವ್ ಮಾಡುವನು. ದೂರದ ಊರಿನ ಶಾಖೆಯಲ್ಲಿ ಸುನಂದಮ್ಮ ಎಂಬ ಹಿರಿಯ ಶಿಷ್ಯೆ ಅದೇ ಫೈಲನ್ನು ತೆರೆದು ಓದಿ, ಬಂದವರಿಗೆ ಮದ್ದು ಕೊಡುವರು.

ಒಂದು ಬೆಳಿಗ್ಗೆ ಸುನಂದಮ್ಮನ ಫೋನ್ ಬಂತು.

“ಗುರುಗಳೇ, ಒಂಬತ್ತನೆಯ ಅಧ್ಯಾಯದ ಬೇರನ್ನು ಅರೆದು ಇಟ್ಟಿದ್ದೇನೆ. ಮಜ್ಜಿಗೆಯಲ್ಲಿ ಕೊಡಲೋ, ಜೇನಿನಲ್ಲೋ?”

“ಯಾರಿಗೆ?”

“ಒಬ್ಬ ಹೆಣ್ಣುಮಗಳಿಗೆ. ಹೊಟ್ಟೆನೋವು ಅಂತ ಬಂದಿದ್ದಾಳೆ. ಐದು ತಿಂಗಳ ಬಸುರಿ.”

ಗುರುಗಳು ಎದ್ದು ನಿಂತರು. “ಕೊಡಬೇಡ. ಬಸುರಿಯರಿಗೆ ಆ ಬೇರು ಆಗದು. ಹೋದ ವಾರವೇ ಬರೆಸಿದ್ದೇನಲ್ಲ.”

“ಇಲ್ಲಿ ಆ ಮಾತೇ ಇಲ್ಲ, ಗುರುಗಳೇ.”

“ಆಕೆಯ ಕೈಗೆ ಫೋನ್ ಕೊಡು.”

ಆ ಹೆಣ್ಣುಮಗಳು ಮಾತಾಡುವ ಮೊದಲೇ ಇವರು ಹೇಳಿದರು. “ತಾಯಿ, ನಮ್ಮಿಂದ ದೊಡ್ಡ ತಪ್ಪು ಆಗುವುದರಲ್ಲಿತ್ತು. ಕ್ಷಮಿಸಬೇಕು. ಈಗಲೇ ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ತೋರಿಸಮ್ಮ. ಸುನಂದಾ ಜೊತೆಗೆ ಬರುತ್ತಾಳೆ.”

ಇಂದುಧರನ ಮುಖ ಬಿಳಿಚಿತ್ತು. “ಆ ಸಾಲು ಬರೆದಿದ್ದೇನೆ, ಗುರುಗಳೇ. ಇಲ್ಲೇ ಕಾಣುತ್ತಿದೆ.”

“ನಿನಗೆ ಕಾಣುತ್ತಿದೆ. ಅವಳಿಗೆ ಯಾಕೆ ಕಾಣಲಿಲ್ಲ?”

ಅವನು ತಲೆ ತಗ್ಗಿಸಿದ. “ಒಂಬತ್ತು ದಿನದಿಂದ ಸೇವ್ ಒತ್ತಿದಾಗಲೆಲ್ಲ ಒಂದು ಹಳದಿ ಪಟ್ಟಿ ಬರುತ್ತಿತ್ತು. ‘ನಿಮ್ಮ ಸೈನ್ ಇನ್ ಅವಧಿ ಮುಗಿದಿದೆ, ಮತ್ತೆ ಸೈನ್ ಇನ್ ಮಾಡಿ’ ಅಂತ. ಬರೆದದ್ದು ಕಣ್ಣೆದುರೇ ಇತ್ತಲ್ಲ. ಪಟ್ಟಿ ಮುಚ್ಚಿ ಮುಂದೆ ಬರೆಯುತ್ತಿದ್ದೆ.”

“ಯಾಕೆ ಮುಚ್ಚಿದೆ?”

“ಸಿಟ್ಟು ಬರುತ್ತಿತ್ತು. ಮೂರು ವರ್ಷದಿಂದ ಇದರ ಮುಂದೆ ಕೂತವನು ನಾನೊಬ್ಬನೇ. ನಾನು ಯಾರು ಅಂತ ಮತ್ತೆ ಯಾಕೆ ಹೇಳಬೇಕು?”

ಗುರುಗಳು ಬೈಯಲಿಲ್ಲ. “ಬರೆಸಿದ್ದು ಅಲ್ಲಿಗೆ ಮುಟ್ಟಿತೇ ಅಂತ ನಾನೂ ಒಂದು ದಿನ ಕೇಳಲಿಲ್ಲ. ಹೇಳಿದರೆ ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ಈ ತಪ್ಪಿನಲ್ಲಿ ನನ್ನ ಪಾಲೇ ದೊಡ್ಡದು.”

ಇದನ್ನೆಲ್ಲ ನನಗೆ ಹೇಳಿದವನು ಇಂದುಧರನೇ. ಬೈದಿದ್ದರೆ ಸಹಿಸುತ್ತಿದ್ದೆ, ಆ ಮಾತನ್ನು ಸಹಿಸಲಾಗಲಿಲ್ಲ ಎನ್ನುತ್ತಾನೆ.

ಅವನ ನಾಚಿಕೆ ಯಂತ್ರದ ಮೇಲೆ ತಿರುಗಿತು. “ಈ ಅಕೌಂಟೇ ಬೇಡ. ತೆಗೆದುಹಾಕಿ ಹೊಸದು ಮಾಡುತ್ತೇನೆ.”

ಗುರುಗಳು ತಡವರಿಸಿ ಅವನ ಕೈ ಹುಡುಕಿ, ಅದರ ಮೇಲೆ ತಮ್ಮ ಕೈ ಇಟ್ಟರು.

“ಈ ಒಂಬತ್ತು ದಿನದ ಬರಹ ಈಗ ಎಲ್ಲಿದೆ?”

“ಇಲ್ಲೇ. ಮೇಲೆ ಹೋಗಲು ಕಾಯುತ್ತಿದೆ.”

“ಅಕೌಂಟು ತೆಗೆದರೆ?”

ಇಂದುಧರ ಯೋಚಿಸಿದ. “ಅದೂ ಹೋಗಿಬಿಡಬಹುದು.”

“ಹಾಗಾದರೆ ಮೊದಲು ಅದನ್ನು ಕಾಪಾಡಿಕೋ. ಸಿಟ್ಟು ಆಮೇಲೆ ಮಾಡೋಣ.”

ಗುರುಗಳು ಜೀವಮಾನದಲ್ಲಿ ಕೀಲಿಮಣೆ ಮುಟ್ಟಿದವರಲ್ಲ. ಆದರೆ ಯಾವುದು ಮೊದಲು ಎಂಬುದು ಅವರಿಗೆ ಗೊತ್ತಿತ್ತು.

ಇಂದುಧರ ಫೈಲಿನ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಕಂಪ್ಯೂಟರಿನಲ್ಲೇ ಉಳಿಸಿದ. ತೆರೆದು, ಬೇರಿನ ಸಾಲು ಅದರಲ್ಲಿದೆಯೇ ನೋಡಿದ. ಇತ್ತು. ಆಮೇಲೆ ಬ್ರೌಸರಿನಲ್ಲಿ ಸೈನ್ ಔಟ್ ಮಾಡಿ, ಮತ್ತೆ ಸೈನ್ ಇನ್ ಮಾಡಲು ಹೋದ.

ಪಾಸ್‌ವರ್ಡ್ ಕೇಳಿತು. ಮೂರು ವರ್ಷದಿಂದ ಟೈಪ್ ಮಾಡದ ಪಾಸ್‌ವರ್ಡ್. ಎರಡು ಸಲ ಹಾಕಿದ, ಎರಡೂ ತಪ್ಪು.

“ಗುರುಗಳೇ, ಮರೆತಿದ್ದೇನೆ ಅಂತ ಒಪ್ಪಿಕೊಳ್ಳಬೇಕಂತೆ.”

“ಒಪ್ಪಿಕೋ. ಮರೆತಿದ್ದೀಯಲ್ಲ.”

ಒಪ್ಪಿಕೊಂಡ. ಫೋನಿಗೆ ಒಟಿಪಿ ಬಂತು. ಹೊಸ ಪಾಸ್‌ವರ್ಡ್ ಮಾಡಿ, ಫೈಲಿಗೆ ಹಿಂತಿರುಗಿ ಸೇವ್ ಒತ್ತಿದ.

ಅದೇ ಹಳದಿ ಪಟ್ಟಿ.

ಇಂದುಧರ ಕೀಲಿಮಣೆಯನ್ನು ದೂರ ತಳ್ಳಿದ. “ನನ್ನ ಕೈಲಾಗುವುದಿಲ್ಲ.”

“ಹಳೆಯದು ಏನಾದರೂ ಇನ್ನೂ ತೆರೆದಿದೆಯೇ?” ಗುರುಗಳು ಕೇಳಿದರು.

ಅವನು ನೋಡಿದ. ಬೆಳಿಗ್ಗೆಯಿಂದ ತೆರೆದಿದ್ದ ಬರೆಯುವ ಪ್ರೋಗ್ರಾಮನ್ನು ಮುಚ್ಚಿಯೇ ಇರಲಿಲ್ಲ. ಅದು ಇನ್ನೂ ಹಳೆಯ ಗುರುತನ್ನೇ ಹಿಡಿದುಕೊಂಡು ಕೂತಿತ್ತು. ಎಲ್ಲವನ್ನೂ ಮುಚ್ಚಿ, ಹೊಸದಾಗಿ ತೆರೆದು, ಅಲ್ಲಿಯೂ ಹೊಸ ಪಾಸ್‌ವರ್ಡ್ ಕೊಟ್ಟ. ಉಳಿಸಿಟ್ಟ ಪ್ರತಿಯಿಂದ ಒಂಬತ್ತು ದಿನದ ಬರಹವನ್ನು ಕ್ಲೌಡ್‌ನ ಫೈಲಿಗೆ ಸೇರಿಸಿದ. ಸೇವ್ ಒತ್ತಿದ.

ಪಟ್ಟಿ ಬರಲಿಲ್ಲ.

“ಆಯಿತು, ಗುರುಗಳೇ.”

“ಯಾರು ಹೇಳಿದರು?”

“ಸೇವ್ ಆಗಿದೆ ಅಂತ ಇಲ್ಲಿ ಬಂದಿದೆ.”

ಗುರುಗಳು ಫೋನಿನ ಪಕ್ಕದಲ್ಲೇ ಕೂತರು. ಊಟದ ಗಂಟೆ ಹೊಡೆಯಿತು. ಏಳಲಿಲ್ಲ. ಅವರು ಏಳದೆ ಇಂದುಧರನೂ ಏಳಲಿಲ್ಲ.

ಇಳಿಹೊತ್ತಿಗೆ ಸುನಂದಮ್ಮನ ಫೋನ್ ಬಂತು. ಆಸ್ಪತ್ರೆಯಿಂದ ಈಗ ಬಂದೆವು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದರು.

ಗುರುಗಳು ಕೈ ಮುಗಿದರು. ಯಾರಿಗೆಂದು ಇಂದುಧರನಿಗೆ ತಿಳಿಯಲಿಲ್ಲ.

“ಸುನಂದಾ, ಫೈಲು ತೆರೆ. ಆ ಬೇರಿನ ಕೊನೆಯ ಸಾಲು ಓದು.”

ಆಮೇಲೆ ಸುನಂದಮ್ಮನ ದನಿ ಕೇಳಿಸಿತು. “ಬಸುರಿಯರಿಗೆ ಈ ಬೇರನ್ನು ಕೊಡಲೇಬಾರದು.”

“ಇನ್ನೊಮ್ಮೆ ಓದು.”

ಓದಿದರು.

ಆಗ ಗುರುಗಳು ಊಟಕ್ಕೆ ಎದ್ದರು. ಆ ದಿನದಿಂದ ಬರೆಸಿದ್ದನ್ನೆಲ್ಲ ಸಂಜೆ ಸುನಂದಮ್ಮನಿಂದ ಓದಿಸಿ ಕೇಳದೆ ಅವರು ಮಲಗಿದ್ದಿಲ್ಲ.

ಅಂದು ಊಟಕ್ಕೆ ಮುಂಚೆ ಗುರುಗಳ ಕೈಗೆ ನೀರು ಹಾಕುತ್ತ ಇಂದುಧರ ಕೇಳಿದ. “ಮುಂದೆ ಎಂದಾದರೂ ಅದು ಮತ್ತೆ ಕೇಳುತ್ತದೆ, ಗುರುಗಳೇ. ಎಂದಿಗೂ ಕೇಳದ ಹಾಗೆ ಮಾಡುವ ದಾರಿ ಇಲ್ಲವೇ?”

“ಕೇಳಿದಾಗ ಹೇಳು,” ಎಂದರು ಗುರುಗಳು. “ನೀನು ಇನ್ನೂ ಇದ್ದೀಯೆಂದು ಅದಕ್ಕೆ ಬೇರೆ ಹೇಗೆ ತಿಳಿಯಬೇಕು?”