ಮಲಗಿದ ಅಕ್ಷರ ಎಬ್ಬಿಸಿದ ತಿಪ್ಪೇಶಿ

ಹೇಳಿದ ಮಾತು ಕೇಳೋ ಮಗ ಹುಟ್ಟಲಿ ಅಂತ ಹಾಲಮ್ಮ ಹರಕೆ ಹೊತ್ತಿದ್ದಳಂತೆ. ಹುಟ್ಟಿದ. ಹೇಳಿದ್ದು ಕೇಳಿದ. ಹೇಳಿದಷ್ಟನ್ನೇ ಕೇಳಿದ! ಅವನೇ ನೋಡ್ರಪ್ಪಾ ನಮ್ಮ ತಿಪ್ಪೇಶಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋರು ಇರ್ತಾರಲ್ಲ, ಇವನು ಕಟ್ಟಿ, ಹಾಲು ಕರೆಯೋಕೆ ಚೊಂಬು ಹಿಡಿದು ಕೂರೋನು.

ಹಾಲಮ್ಮನದು ಬಸ್ ಸ್ಟ್ಯಾಂಡ್ ಹತ್ತಿರ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಬೋರ್ಡು, ಬ್ಯಾನರು, ಎಲ್ಲಾ ಅವಳ ಕೈಯಲ್ಲೇ. ಅವಳ ಕಣ್ಣಿಗೆ ಪೊರೆ ಬಂತು. ಆಪರೇಷನ್ ಆಯಿತು. ಕಣ್ಣಿನ ಡಾಕ್ಟ್ರು ಹೇಳಿದರು: "ಒಂದು ತಿಂಗಳು ಕಂಪ್ಯೂಟರ್ ನೋಡಂಗಿಲ್ಲಮ್ಮ. ಆಮೇಲೆ ಬನ್ನಿ, ಪರೀಕ್ಷೆ ಮಾಡಿ ಕನ್ನಡಕ ಕೊಡ್ತೀನಿ."

ಎದುರು ಸಾಲಲ್ಲಿ ಒಬ್ಬ ಹೊಸ ಅಂಗಡಿ ತೆಗೆದಿದ್ದ. ತಿಂಗಳು ಬಾಗಿಲು ಹಾಕಿದರೆ ಗಿರಾಕಿ ಎಲ್ಲಾ ಆ ಕಡೆಗೇ! ಹಾಲಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಜಗುಲಿ ಮೇಲೆ ಕೂತಳು. ಮಗನನ್ನ ಕಂಪ್ಯೂಟರ್ ಮುಂದೆ ಕೂರಿಸಿದಳು.

"ತಿಪ್ಪೇಶಿ, ನನಗೆ ಕನ್ನಡಕ ಬರೋತನಕ ಅಂಗಡಿ ಉಳಿಸ್ಕೊಡು, ಅಷ್ಟೇ ಸಾಕು. ಗಿರಾಕಿ ಏನು ಕೊಡ್ತಾರೋ, ಹೆಂಗೆ ಕೊಡ್ತಾರೋ, ಹಂಗೇ ಅಚ್ಚು ಹಾಕು. ನಿನ್ನ ತಲೆ ಓಡಿಸ್ಬೇಡ!"

"ಆಗ್ಲಿ ಕಣವ್ವಾ!"

ಅಕ್ಕಿ ಅಂಗಡಿ ಕೊಟ್ರೇಶಪ್ಪ ಬಂದ. ಪೆನ್ ಡ್ರೈವ್ ಕೊಟ್ಟು ಹೋದ. ಮಗಳ ಮದುವೆ ಕಾರ್ಡು. ತಿಪ್ಪೇಶಿ ತೆಗೆದ. ನೋಡ್ತಾನೆ, ಒಂದಕ್ಷರ ಇಲ್ಲ! ಬರೀ ಚೌಕ, ಚೌಕ, ಚೌಕ! ತಿಪ್ಪೇಶಿಗೆ ಬಲು ಕುತೂಹಲ. 'ಇದರೊಳಗೆ ಮದುಮಗಳು ಯಾವುದು? ಮದುಮಗ ಯಾವುದು? ಊಟದ ಹೊತ್ತು ಯಾವ ಚೌಕದಲ್ಲಿದೆ?' ಪರದೆಗೆ ಮೂಗು ತಾಗಿಸಿ ನೋಡಿದ. ಆದರೆ ಅವ್ವ ಹೇಳಿದಾಳಲ್ಲ, ಹೆಂಗಿದೆಯೋ ಹಂಗೇ! ಕಟ್ಟುಗಟ್ಟಲೆ ಅಚ್ಚು ಹಾಕಿದ.

ಕೊಟ್ರೇಶಪ್ಪ ಕಾರ್ಡು ಹಿಡಿದು ಕುಣಿದಾಡಿದ. "ಹಾಲಮ್ಮಾ! ಇದು ನನ್ನ ಮಗಳ ಮದುವೆ ಕಾರ್ಡೋ, ಚೌಕಾಬಾರ ಆಡೋ ಹಾಸೋ?"

ಹೋದ ಎದುರು ಸಾಲಿಗೆ. ಹಾಲಮ್ಮ ಹಣೆ ಚಚ್ಚಿಕೊಂಡಳು.

"ಥೂ, ದಡ್ಡ ಮುಂಡೇದೆ! ಅವರ ಫಾಂಟು ನಮ್ಮ ಕಂಪ್ಯೂಟರಲ್ಲಿ ಇಲ್ಲ, ಅದಕ್ಕೇ ಚೌಕ ಬಂದಿರೋದು! ಓದಕ್ಕೆ ಬರ್ಲಿಲ್ಲ ಅಂದ್ರೆ ಪೂರ್ತಿ ಸೆಲೆಕ್ಟ್ ಮಾಡು, ನಮ್ಮ ಫಾಂಟ್ ಹಾಕು!"

"ಆಗ್ಲಿ ಕಣವ್ವಾ!"

ಸೈಕಲ್ ಶಾಪಿನ ಬಾಬಾಜಾನ್ ಸಾಬ್ರು ಬಂದರು. ಅವರದೂ ಮದುವೆ ಕಾರ್ಡೇ. ಅರ್ಧ ಕನ್ನಡ, ಅರ್ಧ ಉರ್ದು. ಕನ್ನಡ ಓದಿದ, ಬಂತು. ಉರ್ದು ಓದಿದ, ಬರಲಿಲ್ಲ. ಎಡದಿಂದ ಓದಿದ, ಬಲದಿಂದ ಓದಿದ, ಕತ್ತು ಓರೆ ಮಾಡಿ ಓದಿದ, ಊಹೂಂ! 'ಓಹೋ, ಓದಕ್ಕೆ ಬರ್ಲಿಲ್ಲ ಅಂದ್ರೆ...' ಪೂರ್ತಿ ಸೆಲೆಕ್ಟ್ ಮಾಡಿದ, ನಮ್ಮ ಫಾಂಟ್ ಹಾಕಿದ. ಉರ್ದು ಹೋಯಿತು, ಚೌಕ ಬಂತು. 'ಅರೆ! ಹೋದ ಸಲ ಚೌಕ ಹೋಗಿ ಅಕ್ಷರ ಬರಬೇಕಿತ್ತಂತೆ, ಈ ಸಲ ಅಕ್ಷರ ಹೋಗಿ ಚೌಕ ಬಂತಲ್ಲ, ಏನು ಮಾಯೆ!' ಅಂತ ಬೆರಗಾಗಿ ಅಚ್ಚು ಹಾಕಿದ.

"ಎಲ್ಲೋ ಬೇಟಾ ನಮ್ಮ ತಾತನ ಹೆಸರು?" ಅಂದರು ಸಾಬ್ರು.

"ಓದಕ್ಕೆ ಬರ್ಲಿಲ್ಲ ಸಾಬ್ರೇ, ತೆಗೆದ್ಬಿಟ್ಟೆ."

"ನಿನಗೆ ಬರಲ್ಲ! ನನಗೆ ಬರ್ತದಲ್ಲೋ!"

ಅವರೂ ಹೋದರು ಎದುರು ಸಾಲಿಗೆ.

"ಅಯ್ಯೋ ನನ್ನ ಹಣೆಬರಹವೇ!" ಅಂದಳು ಹಾಲಮ್ಮ. "ನಿನಗೆ ಓದಕ್ಕೆ ಬರ್ದೇ ಇದ್ರೆ ಅಕ್ಷರ ಕೆಟ್ಟಿದೆ ಅಂತಲ್ಲವೋ! ಗಿರಾಕಿಗೆ ತೋರ್ಸು. ಅವರು ಚೆನ್ನಾಗಿದೆ ಅಂದ್ರೆ ಮಾತ್ರ ಅಚ್ಚು ಹಾಕು!"

"ಆಗ್ಲಿ ಕಣವ್ವಾ!"

ಖಾನಾವಳಿ ಗಂಗಜ್ಜಿ ಬಂದಳು. ರೊಟ್ಟಿ ಊಟದ ಬೋರ್ಡು ಬೇಕು ಅಂದಳು. ಮೊಮ್ಮಗಳು ಪೆನ್ ಡ್ರೈವಲ್ಲಿ ಹಾಕಿಕೊಟ್ಟಿದ್ದು ತೆಗೆದರೆ ಫಾಂಟ್ ಬದಲಾಗಿ ಎಲ್ಲಾ ಚೆಲ್ಲಾಪಿಲ್ಲಿ. ಮೇಲಿನ ಸಾಲು ಕುಂಬಳಕಾಯಿ, ಕೆಳಗಿನ ಸಾಲು ಸಾಸಿವೆ ಕಾಳು. ಒತ್ತಕ್ಷರ ಎಲ್ಲಾ ಕಳಚಿಕೊಂಡು ಪಕ್ಕಕ್ಕೆ ಒರಗಿ ಮಲಗಿದಾವೆ. ತಿಪ್ಪೇಶಿ ತೋರಿಸಿದ.

"ಅಜ್ಜೀ, ಚೆನ್ನಾಗಿದೆಯಾ?"

ಗಂಗಜ್ಜಿ ಶಾಲೆ ಮೆಟ್ಟಿಲು ಹತ್ತಿದವಳಲ್ಲ. "ರಂಗೋಲಿ ಬಿಟ್ಟಂಗೈತೆ ಕಣಪ್ಪ, ಬಲು ಚೆಂದ!" ಅಂದಳು.

ಅಚ್ಚಾಯಿತು! ಬೋರ್ಡು ನೇತುಹಾಕಿದ ದಿನ ಜನ ಅದನ್ನ ನೋಡ್ತಾ ನಿಂತರೇ ಹೊರತು ಒಬ್ಬನೂ ಊಟಕ್ಕೆ ಬರಲಿಲ್ಲ. ಗಂಗಜ್ಜಿ ಬೋರ್ಡು ಸುತ್ತಿಕೊಂಡು ಬಂದು ಜಗುಲಿ ಮೇಲೆ ಬಿಸಾಕಿದಳು.

ಹಾಲಮ್ಮನಿಗೆ ಅಳುವೇ ಬಂತು. ಕಣ್ಣಿಗೆ ಔಷಧಿ ಹಾಕಿದೆ, ಅಳೋ ಹಂಗೂ ಇಲ್ಲ!

"ಲೇ, ಈ ಒಂದು ಮಾತು ತಲೇಲಿಟ್ಕೋ. ಅಕ್ಷರ ಅಂದ್ರೆ ನೆಟ್ಟಗೆ ನಿಂತಿರಬೇಕು. ಮಲಗಿದ್ರೆ ಎಬ್ಬಿಸು! ಸಣ್ಣಗಿದ್ರೆ ದಪ್ಪ ಮಾಡು! ಎಲ್ಲಾ ಒಂದೇ ಸಮ ಇರಬೇಕು, ಕಣ್ಣು ಕಾಣದೋರಿಗೂ ಕಾಣ್ಬೇಕು! ಯಾರನ್ನೂ ಕೇಳ್ಬೇಡ, ಸರಿ ಮಾಡಿ ಅಚ್ಚು ಹಾಕು!"

"ಆಗ್ಲಿ ಕಣವ್ವಾ!"

ಮಾರನೇ ದಿನ ಕಣ್ಣಿನ ಡಾಕ್ಟ್ರ ಕಾಂಪೌಂಡರ್ ಬಂದ. ಕಣ್ಣು ಪರೀಕ್ಷೆ ಮಾಡೋ ಪಟ ಹಳೇದಾಗಿದೆ, ಹೊಸದು ಬೇಕು ಅಂತ ಪೆನ್ ಡ್ರೈವ್ ಕೊಟ್ಟು ಹೋದ. ನೀವೂ ನೋಡಿರ್ತೀರಿ ಆ ಪಟ. ಮೂರು ಹಲ್ಲಿನ ಬಾಚಣಿಗೆ ಹಂಗಿರೋ ಇಂಗ್ಲಿಷ್ 'ಇ', ಒಂದು ಮೇಲಕ್ಕೆ ತಿರುಗಿರುತ್ತೆ, ಒಂದು ಕೆಳಕ್ಕೆ, ಒಂದು ಎಡಕ್ಕೆ. ಸಾಲು ಇಳಿದಂಗೆ ಸಣ್ಣ, ಸಣ್ಣ, ಇನ್ನೂ ಸಣ್ಣ. ಬಾಯಿ ಯಾವ ಕಡೆಗಿದೆ ಅಂತ ಹೇಳಬೇಕು, ಅದೇ ಪರೀಕ್ಷೆ.

ತಿಪ್ಪೇಶಿ ನೋಡಿದ. "ಅಯ್ಯೋ ಪಾಪ! ಇದು ಅಂಗಾತ ಬಿದ್ದಿದೆ. ಇದು ಬೋರಲು ಬಿದ್ದಿದೆ. ಇದು ಮುನಿಸ್ಕೊಂಡು ಆ ಕಡೆ ತಿರುಗಿದೆ. ಡಾಕ್ಟ್ರ ಫಾಂಟು ಪೂರಾ ಕೆಟ್ಟೋಗಿದೆ!"

ಮಲಗಿದ್ದನ್ನ ಎಬ್ಬಿಸಿದ. ತಿರುಗಿದ್ದನ್ನ ತಿರುಗಿಸಿದ. ಕೊನೇ ಸಾಲನ್ನ ಮೊದಲನೇ ಸಾಲಿನಷ್ಟೇ ದಪ್ಪ ಮಾಡಿದ. ಎಲ್ಲಾ ಒಂದೇ ಸಮ, ಎಲ್ಲಾ ನೆಟ್ಟಗೆ! ಅಚ್ಚು ಹಾಕಿ ಕೊಟ್ಟ.

ಈ ಸಲ ಯಾರೂ ಬೈಯಲಿಲ್ಲ! ಡಾಕ್ಟ್ರು ಪಟ ಗೋಡೆಗೆ ಹಾಕಿಸಿ, "ಭಲೇ, ಹಳೇ ಪಟದ ಕೊನೇ ಸಾಲು ನನಗೇ ಕಾಣ್ತಿರಲಿಲ್ಲ, ಇದು ಎಷ್ಟು ಚೆನ್ನಾಗಿ ಕಾಣ್ತದೆ!" ಅಂದರು. ಅವತ್ತಿಂದ ಊರಲ್ಲಿ ಯಾರ ಕಣ್ಣಿಗೂ ದೋಷವೇ ಇಲ್ಲ. ಜನ ಮಾತ್ರ ಯಾಕೋ ಕಂಬಕ್ಕೆ ಡಿಕ್ಕಿ ಹೊಡೆಯೋದು ಬಿಡಲಿಲ್ಲ.

ತಿಂಗಳು ತುಂಬಿತು. ಹಾಲಮ್ಮ ದೇವರಿಗೆ ಕೈಮುಗಿದು ಹೊರಟಳು. ಕನ್ನಡಕ ಬಂದರೆ ಸಾಕು, ಅಂಗಡಿ ಮತ್ತೆ ತನ್ನ ಕೈಗೆ! ಜೊತೆಗೆ ತಿಪ್ಪೇಶಿ.

"ಈ ಅಕ್ಷರದ ಬಾಯಿ ಯಾವ ಕಡೆಗಿದೆಯಮ್ಮ?"

"ಬಲಕ್ಕೆ."

"ಇದು?"

"ಬಲಕ್ಕೆ."

"ಕೊನೇ ಸಾಲು?"

"ಬಲಕ್ಕೆ, ಬಲಕ್ಕೆ, ಬಲಕ್ಕೆ!"

ಡಾಕ್ಟ್ರು ತಿರುಗಿ ಪಟ ನೋಡಿದರು. ಎಲ್ಲಾ ಬಲಕ್ಕೇ! "ಭೇಷ್! ಹದ್ದಿನ ಕಣ್ಣು ನಿಮ್ಮದು. ಕನ್ನಡಕವೇ ಬೇಡ, ನಡೀರಿ!"

ಹಾಲಮ್ಮ ಡಾಕ್ಟ್ರ ಕೈ ಹಿಡಿದುಕೊಂಡಳು. "ಬೇಡ ಅನ್ಬೇಡಿ ಡಾಕ್ಟ್ರೇ! ನಿನ್ನೆ ಕಂಪ್ಯೂಟರ್ ನೋಡ್ದೆ. ಒಂದಕ್ಷರ ಕಾಣ್ಲಿಲ್ಲ, ಎಲ್ಲಾ ಮಂಜು ಮಂಜು!"

ಡಾಕ್ಟ್ರು ನಕ್ಕರು. ತಿಪ್ಪೇಶಿಯ ಬೆನ್ನು ತಟ್ಟಿದರು.

"ಅದು ಕಣ್ಣಿನ ದೋಷ ಅಲ್ಲಮ್ಮ, ಕಂಪ್ಯೂಟರ್ದು. ಇಷ್ಟು ಒಳ್ಳೇ ಪಟ ಮಾಡ್ಕೊಟ್ಟ ಮಗ ಮನೇಲೇ ಇದಾನಲ್ಲ! ಫಾಂಟು ಸರಿ ಮಾಡೋದೆಲ್ಲ ಇನ್ಮೇಲೆ ಇವನಿಗೇ ಬಿಟ್ಬಿಡಿ."

"ಆಗ್ಲಿ ಡಾಕ್ಟ್ರೇ!" ಅಂದ ತಿಪ್ಪೇಶಿ.